ಎಡಗಡೆಗೆ ವಾಲುವ ದೋಣಿ

ಆ ದೋಣಿ ಈ ಜನ್ಮದಲ್ಲಿ ಮತ್ತೆ ಓಡುವುದಿಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ, ಅಕ್ಕೂರಿನ ಚಿಕ್ಕೇಗೌಡರು. ದೊಡ್ಡಪ್ಪನ ಭವಿಷ್ಯವಾಣಿಗೆ ಹೆದರುವ ಕಾಲ ನನ್ನ ಪಾಲಿಗೆ ಎಂದೋ ಮುಗಿದಿತ್ತು. ನಾನು ಎಸ್ಸೆಸ್ಸೆಲ್ಸಿ ದಾಟುವುದಿಲ್ಲ ಎಂದವರೂ ಅವರೇ, ಪಿಯುಸಿಯಲ್ಲಿ ಗಣಿತ ನನ್ನನ್ನು ನುಂಗಿ ನೀರು ಕುಡಿಯುತ್ತದೆ ಎಂದವರೂ ಅವರೇ, ಇಂಜಿನಿಯರಿಂಗ್ ಕಾಲೇಜಿನ ಗೇಟು ನೋಡಿಯೇ ವಾಪಸ್ ಬರುತ್ತೇನೆ ಎಂದು ಟೀ ಅಂಗಡಿಯಲ್ಲಿ ಸಾರಿದವರೂ ಅವರೇ. ಗಣಿತ ನುಂಗಿದ್ದು ನಿಜ, ಆದರೆ ಒಂದೇ ಸಲ. ಎರಡನೆಯ ಸಲಕ್ಕೆ ರುಚಿಸದೆ ಉಗಿದುಬಿಟ್ಟಿತು. ಹಾಗೆ ನಮ್ಮ ವಂಶದ ಮೊದಲ ಪದವೀಧರನಾದೆ. ಬಿ.ಇ. ಮೆಕ್ಯಾನಿಕಲ್, ಪ್ರಥಮ ದರ್ಜೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಅವ್ವ ಶುಕ್ರವಾರಕ್ಕೊಮ್ಮೆ ಅದಕ್ಕೂ ಕುಂಕುಮ ಇಡುತ್ತಾಳೆ. ಈಗ 'ಪ್ರಥಮ ದರ್ಜೆ' ಎಂಬಲ್ಲಿ ಗಾಜಿನ ಮೇಲೆ ದಪ್ಪಗೆ ಕುಂಕುಮ ಮೆತ್ತಿಕೊಂಡು, ಬಂದವರಿಗೆಲ್ಲ ಅಲ್ಲಿ ಏನು ಬರೆದಿದೆ ಎಂದು ನಾನೇ ಬಾಯಿಬಿಟ್ಟು ಹೇಳಬೇಕಾಗಿದೆ. ಹೇಳುತ್ತೇನೆ. ನನಗೇನೂ ಬೇಜಾರಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನೂ ಮಾಡಿಕೊಂಡುಬಿಡುತ್ತೇನೆ. ಪದವಿ ಕೈಗೆ ಬಂದ ವಾರದಲ್ಲೇ ಊರಿನವರು ನನ್ನನ್ನು ಇನ್ನೊಂದು ಪರೀಕ್ಷೆಗೆ ಕೂರಿಸಿದ್ದರು. ಪಕ್ಕದ ಹೊಲದವರ ಡೀಸೆಲ್ ಪಂಪ್‌ಸೆಟ್ ನಿಂತುಹೋಗಿ, "ಇಂಜಿನೇರ್ ಅವ್ನಲ್ವಾ, ಕರೀರ್ಲಾ" ಎಂದು ಹೇಳಿಕಳಿಸಿದರು. ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೋಗಿ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದೆ. ನಾಲ್ಕು ವರ್ಷ ಇಂಜಿನ್ನುಗಳ ಬಗ್ಗೆ ಓದಿದ್ದೆ, ಆದರೆ ಕಪ್ಪು ಹಲಗೆಯ ಮೇಲಿನ ಇಂಜಿನ್ನುಗಳಿಗೆ ಮಣ್ಣು ಮೆತ್ತಿರುವುದಿಲ್ಲ. ಒಂದು ಗಂಟೆ ಒದ್ದಾಡಿದೆ. ಆಮೇಲೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮೆಕ್ಯಾನಿಕ್ ಒಬ್ಬ ಬಂದು, ಸ್ಪ್ಯಾನರಿನಿಂದ ಎಲ್ಲೋ ಒಂದೇ ಏಟು ಹೊಡೆದ. ಪಂಪ್‌ಸೆಟ್ ಓಡಿತು. ಊರು ನಕ್ಕಿತು. ಅಂದಿನಿಂದ ದೊಡ್ಡಪ್ಪ ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು "ಇಂಜಿನೇರಾ" ಎನ್ನತೊಡಗಿದರು. ಆ 'ರಾ'ದಲ್ಲಿ ಎಷ್ಟು ಹುಳಿ ತುಂಬಬಹುದು ಎನ್ನುವುದು ಕೇಳಿದವನಿಗೇ ಗೊತ್ತು.

ನೀರಿಗೆ ಸಂಬಂಧಪಟ್ಟ ಒಂದು ಇಲಾಖೆಯಲ್ಲಿ ನನಗೆ ಕೆಲಸವೇನೋ ಸಿಕ್ಕಿತು, ಆದರೆ ಕೂರಿಸಿದ್ದು ಟಪಾಲು ವಿಭಾಗದಲ್ಲಿ. ಎರಡು ವರ್ಷ ಲಕೋಟೆಗಳಿಗೆ ಗೋಂದು ಹಚ್ಚಿದ ಮೆಕ್ಯಾನಿಕಲ್ ಇಂಜಿನಿಯರ್ ನಾನು. ಅಷ್ಟರಲ್ಲಿ ಬಿಡದಿ, ಹಾರೋಹಳ್ಳಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಎಲ್ಲಕ್ಕೂ ನೀರು ಬೇಕು. ನಮ್ಮ ಅಣೆಕಟ್ಟೆಯಲ್ಲಿ ಎಷ್ಟು ಹೂಳು, ಎಷ್ಟು ನೀರು ಎಂದು ಅಳೆದು ವರದಿ ಕೊಡಬೇಕೆಂದು ಮೇಲಿನಿಂದ ಕಾಗದ ಬಂತು. ಆ ಟಪಾಲನ್ನು ಒಡೆದವನೂ ನಾನೇ. ಅಳೆಯಲು ದೋಣಿ ಬೇಕು. ಇಲಾಖೆಗೆ ಸೇರಿದ್ದು ಒಂದೇ ಮೋಟಾರು ದೋಣಿ. ಅದು ಒಂಬತ್ತು ವರ್ಷದಿಂದ ಹಿನ್ನೀರಿನ ದಡದ ತಗಡಿನ ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಹೊಟ್ಟೆಯೊಳಗೇ ಡೀಸೆಲ್ ಇಂಜಿನ್ ಇದ್ದ ಹಳೆಯ ಮರದ ದೋಣಿ. ರಿಜಿಸ್ಟರಿನಲ್ಲಿ ಅದರ ಮುಂದೆ ಎರಡೇ ಪದ: ಇಂಜಿನ್ ಸೀಜ್. ಅಂದರೆ ಒಳಗೇ ಕಚ್ಚಿಕೊಂಡು ತಿರುಗದಾಗಿದೆ ಎಂದು. ನಾನು ಓಡಿಸಿಕೊಡುತ್ತೇನೆ ಸಾರ್ ಎಂದು ಬರೆದುಕೊಟ್ಟೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಹದಿನೈದನೇ ದಿನಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ಫಿಟ್ನೆಸ್ ಸರ್ಟಿಫಿಕೇಟ್ ಸಿಕ್ಕಿದರೆ ಫೀಲ್ಡ್ ಕೆಲಸ ನಿಮ್ಮದು. ಸಿಗದಿದ್ದರೆ ದೋಣಿ ಗುಜರಿಗೆ, ನೀವು ಟಪಾಲಿಗೆ. ರಿಟೈರ್ ಆಗೋವರೆಗೂ" ಎಂದರು.

ಆ ದೋಣಿಯನ್ನು ಕೊನೆಯ ಸಲ ಓಡಿಸಿದವರು, ಸೀಜ್ ಆಗಿದೆ ಎಂದು ಬರೆಸಿದವರು, ಬೇರಾರೂ ಅಲ್ಲ, ಇಲಾಖೆಯ ನಿವೃತ್ತ ಡ್ರೈವರ್ ನಮ್ಮ ದೊಡ್ಡಪ್ಪನೇ. ಸಲಹೆ ಕೇಳಲು ಅಕ್ಕೂರಿಗೆ ಹೋದರೆ, ರೇಷ್ಮೆಹುಳು ಸಾಕುವ ಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದರು. ವಿಷಯ ಹೇಳಿದೆ. ಕತ್ತಿ ನಿಂತಿತು.

"ಅದು ಓಡಾಕಿಲ್ಲ ಕಣ್ಲಾ."

"ಯಾಕೆ ದೊಡ್ಡಪ್ಪ?"

"ಓಡಾಕಿಲ್ಲ ಅಂದ್ರೆ ಓಡಾಕಿಲ್ಲ. ಗೋಂದು ಹಚ್ಕಂಡು ತಣ್ಣಗಿರು ಇಂಜಿನೇರಾ."

ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಬೈಯುವಾಗ ದೊಡ್ಡಪ್ಪ ಯಾವತ್ತೂ ಮುಖ ನೋಡದೆ ಬೈದವರಲ್ಲ. ನನಗೆ ಅದು ಆಗಲೇ ಹೊಳೆಯಬೇಕಿತ್ತು.

ಮಾರನೆಯ ದಿನ ಮಟಮಟ ಮಧ್ಯಾಹ್ನ ಶೆಡ್ಡಿಗೆ ಹೋದೆ. ಹಿನ್ನೀರು ಕಾಸಿ ಆರಿಸಿದ ಎಣ್ಣೆಯ ಹಾಗೆ ಅಲುಗಾಡದೆ ಬಿದ್ದಿತ್ತು. ನಡುವಲ್ಲಿ ಒಂದು ಕಲ್ಲುಕಂಬದ ತುದಿ ಮಾತ್ರ ಕಾಣುತ್ತಿತ್ತು. ಅಣೆ ಕಟ್ಟಿದಾಗ ಮುಳುಗಿದ ಹಳೇಹಟ್ಟಿ ಎಂಬ ಊರಿನ ಗುಡಿಯದು ಅದು ಎನ್ನುತ್ತಾರೆ. ಕಾವಲುಗಾರ ತಿಮ್ಮಯ್ಯ ಬೀಗ ತೆಗೆದ, ಒಳಗೆ ಬರಲಿಲ್ಲ. "ನೀವು ನೋಡ್ಕಳಿ ಸಾ, ನಾನು ಇಲ್ಲೇ ನೆಳ್ಳಾಗಿರ್ತೀನಿ" ಎಂದು ಬಿಸಿಲಿನಲ್ಲೇ ನಿಂತ. ಒಳಗೆ ದೋಣಿಯ ಮೇಲೆ ಒಂಬತ್ತು ವರ್ಷದ ಧೂಳು ರೊಟ್ಟಿಯಷ್ಟು ದಪ್ಪ ಕೂತಿತ್ತು. ಜೇಡರ ಬಲೆ, ಕಣಜದ ಗೂಡು, ಹಲ್ಲಿಯ ಮೊಟ್ಟೆ. ಎಲ್ಲ ಇರಬೇಕಾದ ಹಾಗೇ ಇತ್ತು, ಒಂದನ್ನು ಬಿಟ್ಟು. ಕೂರಲು ಹಾಕಿದ ಎಡಗಡೆಯ ಪಟ್ಟಿಯ ಮೇಲೆ, ಒಬ್ಬರಿಗೆ ಸಾಕಾಗುವಷ್ಟು ಜಾಗದಲ್ಲಿ ಧೂಳಿರಲಿಲ್ಲ. ಹಲಗೆ ಸವೆದು ಹೊಳೆಯುತ್ತಿತ್ತು. ಅದರ ಮೇಲೆ ಒಂದು ವೀಳ್ಯದೆಲೆ. ಒಣಗಿದ್ದಲ್ಲ. ಈಗಷ್ಟೆ ಕಟ್ಟಿನಿಂದ ತೆಗೆದಂಥ ಹಸಿ ಎಲೆ.

ನಾನು ಹೊರಗೆ ಬಂದು, "ಪೂಜೆ ಎಲ್ಲ ಜೋರಾಗಿಯೇ ಮಾಡ್ತೀಯಲ್ಲ ತಿಮ್ಮಯ್ಯ" ಎಂದೆ.

"ವರ್ಸಕ್ಕೊಂದ್ಸಲ ಆಯುಧಪೂಜೆಗೆ ಮಾಡ್ತೀನಿ ಸಾ. ಸರ್ಕಾರಿ ಗಾಡಿ, ಬುಡಂಗಿಲ್ಲ. ಅದ್ಬುಟ್ರೆ ನಾನು ಒಳೀಕ್ಕೇ ಹೋಗಾಕಿಲ್ಲ. ಕಬ್ಬಾಳಮ್ಮನಾಣೆ."

ಗಾಳಿಗೆ ಬಂದಿರಬೇಕು ಎಂದುಕೊಂಡೆ. ವಿಜ್ಞಾನ ಓದಿದವನು ಬೇರೆ ಏನು ಅಂದುಕೊಳ್ಳಲು ಸಾಧ್ಯ? ಶೆಡ್ಡಿಗೆ ಕಿಟಕಿ ಇಲ್ಲ ಎನ್ನುವುದನ್ನು ಗಮನಿಸಿದ್ದು ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆ. ಅಂದು ಅವ್ವ ಬಡಿಸಿದ ಎರಡನೇ ಮುದ್ದೆ ಹಾಗೇ ಉಳಿಯಿತು.

ಕೆಲಸ ಶುರು ಮಾಡಿದೆ. ಟ್ಯಾಂಕಿನ ಹಳೆಯ ಡೀಸೆಲ್ ಹೊರತೆಗೆದರೆ ಅದು ಸುರಿಯಲಿಲ್ಲ, ಬೆಲ್ಲದ ಪಾಕದಂತೆ ಇಳಿಯಿತು. ಇಂಜಿನ್ನಿನ ತಂಪಿಗೆ ನೀರೆಳೆಯುವ ಕೊಳವೆಯಲ್ಲಿ ಕಣಜಗಳು ಮಣ್ಣಿನ ಬಡಾವಣೆಯನ್ನೇ ಕಟ್ಟಿಕೊಂಡಿದ್ದವು. ಚುಕ್ಕಾಣಿಯ ಹತ್ತಿರ ಇಂಜಿನ್ನಿನ ದಂಡ ದೋಣಿಯಿಂದ ನೀರಿಗೆ ಹೊರಡುವ ಜಾಗದಲ್ಲಿ, ನೀರು ಒಳಗೆ ಬರದಂತೆ ಗ್ರೀಸು ಸವರಿದ ಹಗ್ಗ ಸುತ್ತಬೇಕು. ಆ ಹಗ್ಗ ಎಲ್ಲೂ ಸಿಗದೆ, ರಾಮನಗರದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರ ಹತ್ತಿರ ರೇಷ್ಮೆ ವೇಸ್ಟು ತಂದು, ಅವ್ವನ ಕೈಯಲ್ಲಿ ಜಡೆ ಹೆಣೆಸಿ, ಗ್ರೀಸಿನಲ್ಲಿ ಅದ್ದಿ ಸುತ್ತಿದೆ. ದೋಣಿಯ ತಳದ ಬಿರಡೆ ಕಳೆದುಹೋಗಿತ್ತು. ಚನ್ನಪಟ್ಟಣದ ಬೊಂಬೆ ಕೆಲಸದ ಸಾಬರೊಬ್ಬರಿಗೆ ಅಳತೆ ಕೊಟ್ಟೆ. ಅವರು ಹಾಲೆಮರದಲ್ಲಿ ಕಡೆದು, ಸುಮ್ಮನೆ ಕೊಡಲು ಮನಸ್ಸಾಗದೆ, ಕೆಂಪು ಹಳದಿ ಅರಗಿನ ಪಟ್ಟೆ ಹಾಕಿಕೊಟ್ಟು, "ಮಗೂಗೆ ಎಷ್ಟು ತಿಂಗ್ಳು?" ಎಂದು ಕೇಳಿದರು. ಇನ್ನೂ ಮದುವೆಯಾಗದ ನಾನು ಆ ಪಟ್ಟೆಪಟ್ಟೆ ಬಿರಡೆ ಹಿಡಿದುಕೊಂಡು ಬಸ್ಸು ಹತ್ತಿದೆ.

ಬಾಯಿಬಿಟ್ಟಿದ್ದ ಹಲಗೆಗಳು ಊದಿ ಕೂಡಿಕೊಳ್ಳಲಿ ಎಂದು ಒದ್ದೆ ಗೋಣಿಚೀಲ ಹೊದಿಸಿ, ದಿನಾ ನೀರು ಹಾಕಿದೆ. ಮಧ್ಯಾಹ್ನಗಳಲ್ಲಿ ಒಬ್ಬನೇ ಕೂತಿರುತ್ತಿದ್ದೆ. ಒದ್ದೆಯಾದ ಮರ ಕಿರುಗುಟ್ಟುವುದು ಸಹಜ. ಆದರೆ ಈ ಕಿರುಗುಟ್ಟುವಿಕೆ ದಿನವೂ ಒಂದೇ ಹೊತ್ತಿಗೆ, ಒಂದೇ ಕಡೆಯಿಂದ, ವಯಸ್ಸಾದವರು ಮಂಡಿ ಹಿಡಿದು ಮೆಲ್ಲಗೆ ಕೂತಾಗ ಬರುವಂತೆ ಬರುತ್ತಿತ್ತು. ನಾನು ಜೋರಾಗಿ ಕೆಮ್ಮುತ್ತಿದ್ದೆ. ಒಂದೆರಡು ಸಲ ಸೂತ್ರಗಳನ್ನು ಬಾಯಿಪಾಠ ಹೇಳಿದ್ದೂ ಉಂಟು. ಪದವಿ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ.

ಇನ್ನು ಇಂಜಿನ್. ಸಿಲಿಂಡರುಗಳಿಗೆ ಸೀಮೆಎಣ್ಣೆ, ಡೀಸೆಲ್ ಸುರಿದು ಎರಡು ದಿನ ಬಿಟ್ಟು, ಹ್ಯಾಂಡಲ್ ಹಾಕಿ, ನಾಲ್ಕು ಜನರ ಬಲ ಬೇಕಾದೀತೆಂದು ಲುಂಗಿ ಎತ್ತಿಕಟ್ಟಿ ತಿರುಗಿಸಿದೆ. ಒಂದೇ ಕೈಗೆ ತಿರುಗಿಬಿಟ್ಟಿತು! ಒಂಬತ್ತು ವರ್ಷ ನಿಂತ ಇಂಜಿನ್ನಲ್ಲ, ಯಾರೋ ವಾರ ವಾರ ತಪ್ಪದೆ ತಿರುಗಿಸಿ ಇಟ್ಟ ಇಂಜಿನ್. ತಿರುಗುವಾಗ ಒಳಗಿನಿಂದ ಉದ್ದವಾದ, ಬಿಗಿಹಿಡಿದ ಒಂದು ಉಸಿರು 'ಹುಸ್ಸ್' ಎಂದು ನನ್ನ ಮುಖಕ್ಕೇ ಬಂತು. ನಾನು ಹ್ಯಾಂಡಲ್ ಅಲ್ಲೇ ಬಿಟ್ಟು ತಿಮ್ಮಯ್ಯನ ಪಕ್ಕದಲ್ಲಿ, ಬಿಸಿಲಿನ ಆ 'ನೆರಳಿನಲ್ಲಿ' ಹೋಗಿ ನಿಂತೆ.

ಮೂರು ದಿನ ತಿರುಗಿಸಿದೆ. ಕೆಮ್ಮುತ್ತಿತ್ತು, ಹೊತ್ತಿಕೊಳ್ಳುವಂತೆ ಮಾಡುತ್ತಿತ್ತು, ಉಸಿರುಗಟ್ಟಿ ಸಾಯುತ್ತಿತ್ತು. ಡೀಸೆಲ್ ಬರುತ್ತಿದೆ, ಗಾಳಿ ಬರುತ್ತಿದೆ, ಒತ್ತಡ ಸರಿಯಿದೆ. ಪುಸ್ತಕದಲ್ಲಿದ್ದುದೆಲ್ಲ ಸರಿಯಿದೆ. ಹದಿಮೂರನೆಯ ದಿನ ನಾಚಿಕೆ ಬಿಟ್ಟು ಅಕ್ಕೂರಿಗೆ ಹೋದೆ.

"ದೊಡ್ಡಪ್ಪ, ಆ ಇಂಜಿನ್ ಸೀಜ್ ಆಗೇ ಇಲ್ಲ."

"ಆಗಿದ್ದು ಇಂಜಿನ್ ಅಂತ ಯಾರ್ಲಾ ಅಂದಿದ್ದು? ಸೀಜ್ ಆಗಿದ್ದು ನಾನು." ಸೊಪ್ಪು ಕತ್ತರಿಸುವುದನ್ನು ಬಿಟ್ಟು ಬೀಡಿ ಹಚ್ಚಿದರು. "ಎಡಗಡೆ ಎಲೆ ಐತಾ?"

ನಾನು ಎಲೆಯ ವಿಷಯ ಯಾರಿಗೂ ಹೇಳಿರಲಿಲ್ಲ. ತಲೆಯಾಡಿಸಿದೆ.

"ಹಳೇಹಟ್ಟಿ ಸಣ್ಣವ್ವ ಅಂತ ಒಬ್ಳಿದ್ಲು ಕಣ್ಲಾ. ಪರಿಹಾರ ಕೊಡಾಕೆ ಮುಳುಗಡೆ ಪಟ್ಟಿ ಮಾಡ್ವಾಗ ತಮ್ಮನ ಜಾಗದಾಗೆ ಗುಡ್ಲು ಹಾಕ್ಕಂಡಿದ್ಲು. ತಮ್ಮನ ಹೆಸ್ರು ಬರ್ಕಂಡ್ರು, ಅವನೆಂಡ್ತಿ ಹೆಸ್ರು ಬರ್ಕಂಡ್ರು, ಎಮ್ಮೆ ಎಷ್ಟು ಅಂತ್ಲೂ ಬರ್ಕಂಡ್ರು. ಅವಳ್ನ ಬರ್ಕಳ್ಳಿಲ್ಲ. ಮುದುಕಿ ಆದ್ಮ್ಯಾಲೆ ಮಂಗ್ಳವಾರ ಮಂಗ್ಳವಾರ ದಡಕ್ಕೆ ಬರೋಳು. 'ಲೇ ಚಿಕ್ಕ, ಒಸಿ ನಮ್ಮೂರ್ ಮ್ಯಾಕೆ ಕರ್ಕಂಡೋಗ್ಲಾ' ಅನ್ನೋಳು. ಕಂಬದತ್ರ ನಿಲ್ಸುದ್ರೆ ನೀರ್ಗೆ ಒಂದು ಎಲೆ ಬುಟ್ಟು ವಾಪಸ್ ಬರೋಳು. ಸರ್ಕಾರಿ ದೋಣೀಲಿ ಹೊರಗ್ನೋರ್ನ ಕೂರ್ಸಂಗಿಲ್ಲ. ಅದ್ಕೆ ಬುಕ್ಕಲ್ಲಿ 'ಒಬ್ಬ' ಅಂತ್ಲೇ ಬರ್ಸ್ತಿದ್ದೆ. ನಾನೂ ಅವಳ್ನ ಬರ್ಸ್ಲಿಲ್ಲ."

"ಆಮೇಲೆ?"

"ಸತ್ಲು. ಮುಂದಿನ್ ಮಂಗ್ಳವಾರ ಒಬ್ನೇ ಹೊಂಟೆ. ದೋಣಿ ಎಡಕ್ಕೆ ವಾಲ್ಕಂಡ್ತು. ಅವ್ಳು ಕೂರ್ತಿದ್ದ ಕಡೆ. ಕಂಬದತ್ರ ಹೋದ್ಮ್ಯಾಲೆ ನೆಟ್ಟಗಾಯ್ತು. ಸದ್ಯ ಇಳ್ಕಂಡ್ಲು ಅಂತ ದೋಣಿ ತಿರುಗುಸ್ದೆ." ದೊಡ್ಡಪ್ಪ ಬೀಡಿ ಎಳೆದರು. ಆರಿಹೋಗಿತ್ತು. "ಮತ್ತೆ ವಾಲ್ಕಂಡ್ತು ಕಣ್ಲಾ."

ನಾನು, ದೋಣಿಯ ಡೀಸೆಲ್ ಟ್ಯಾಂಕು ಎಡಗಡೆ ಇರುವುದರಿಂದ ತೂಕದ ಕೇಂದ್ರ ಆ ಕಡೆ ಸರಿದು ಹಾಗಾಗುತ್ತದೆ ಎಂದು ವಿವರಿಸಿದೆ.

"ಟ್ಯಾಂಕು ಬಲಗಡೆ ಐತಲ್ಲೋ ಇಂಜಿನೇರಾ" ಎಂದರು ದೊಡ್ಡಪ್ಪ.

ಹದಿಮೂರು ದಿನದಿಂದ ಆ ಟ್ಯಾಂಕನ್ನು ತೊಳೆಯುತ್ತಿದ್ದವನು ನಾನು.

ಏನನ್ನಿಸಿತೋ, ಹದಿನಾಲ್ಕನೆಯ ದಿನ ದೊಡ್ಡಪ್ಪ ತಾವೇ ಬಂದರು. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಡಗಡೆಯ ಪಟ್ಟಿಯನ್ನು ನೋಡಿಯೂ ನೋಡದಂತೆ ದಾಟಿ, ನಾನು ಹ್ಯಾಂಡಲ್ ತಿರುಗಿಸುವುದನ್ನು ಕೇಳಿಸಿಕೊಂಡರು. "ಉಸ್ರು ಎಳ್ಕತದೆ. ಬುಡಾದು ಎಲ್ಲಿಂದ್ಲಾ?" ಎಂದರು. ಹಿಂದಕ್ಕೆ ಹೋಗಿ ಹೊಗೆಕೊಳವೆಯ ಬಾಯಿಗೆ ಕಡ್ಡಿ ತೂರಿಸಿದರು. ಕಡ್ಡಿ ಗೇಣುದ್ದಕ್ಕೆ ನಿಂತಿತು. ಕೆದಕಿ ಕಿತ್ತರೆ ಕಪ್ಪಗೆ ಒಣಗಿ ಕಲ್ಲಾದ ಒಂದು ಉಂಡೆ ಉರುಳಿತು. ಇನ್ನೊಂದು. ಮತ್ತೊಂದು. ಒಟ್ಟು ಒಂಬತ್ತು. ನಿಂಬೆಹಣ್ಣು!

"ತಿಮ್ಮಾ!" ಎಂದು ದೊಡ್ಡಪ್ಪ ಕೂಗಿದ್ದಕ್ಕೆ ತಗಡು ಅದುರಿತು.

ತಿಮ್ಮಯ್ಯ ಬಾಗಿಲಾಚೆಯಿಂದಲೇ ಕತ್ತು ಚಾಚಿದ. "ಆಯುಧಪೂಜೇಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ವಾ ಗೌಡ್ರೇ? ಇದ್ಕೆ ಚಕ್ರ ಎಲ್ಲೈತೆ? ಮುಂದ್ಗಡೆ ಹುಡುಕ್ದೆ, ಮಗ್ಗುಲಲ್ಲಿ ಹುಡುಕ್ದೆ. ಹಿಂದ್ಗಡೆ ಒಂದು ತೂತಿತ್ತು. ವರ್ಸಾ ವರ್ಸಾ ಹಿಂದಿನ್ದನ್ನ ಒಸಿ ಒಳೀಕ್ ನೂಕಿ ಇಡ್ತಿದ್ದೆ. ಶಾಸ್ತ್ರ ತಪ್ಸಿಲ್ಲ."

ನಾಲ್ಕು ವರ್ಷ ಓದಿದವನಿಗೆ, ಇಂಜಿನ್ ಉಸಿರು ಬಿಡುವ ತೂತನ್ನು ಒಮ್ಮೆ ಬಗ್ಗಿ ನೋಡಬೇಕೆಂದು ಹೊಳೆದಿರಲಿಲ್ಲ. ಮುಖಕ್ಕೆ ಬಂದ ಆ ಉದ್ದನೆಯ ಉಸಿರು ಯಾರದೆಂದು ಗೊತ್ತಾಗಿ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಉಳಿದ ಎಲ್ಲಕ್ಕೂ ಹೀಗೇ ಒಂದೊಂದು ನಿಂಬೆಹಣ್ಣು ಇದ್ದೇ ಇರುತ್ತದೆ ಎಂದು ನಂಬಿಬಿಟ್ಟೆ. ಹ್ಯಾಂಡಲ್ ಹಾಕಿದೆ. ಮೂರನೇ ಸುತ್ತಿಗೆ ಇಂಜಿನ್ ಗುಡುಗಿತು. ಶೆಡ್ಡಿನ ತುಂಬ ಹೊಗೆ. ಹೊಗೆಯೊಳಗೆ ನಾನು ಕುಣಿದೆ. ದೊಡ್ಡಪ್ಪ ಕುಣಿಯಲಿಲ್ಲ, "ನಾಳೆ ಯಾವ ವಾರ?" ಎಂದಷ್ಟೇ ಕೇಳಿದರು.

ನಾಳೆ ಮಂಗಳವಾರವಾಗಿತ್ತು.

ಇನ್ಸ್‌ಪೆಕ್ಟರ್ ಬಂದದ್ದು ಹನ್ನೆರಡು ಗಂಟೆಗೆ. ತೆಳ್ಳನೆಯ, ಕಾಗದದಿಂದ ಕತ್ತೆತ್ತದ ಮನುಷ್ಯ. ನಮಸ್ಕಾರವನ್ನೂ ಫಾರಮ್ಮಿಗೇ ಮಾಡಿದರು. ಬೆಳಗ್ಗೆಯೇ ದೋಣಿಯನ್ನು ನೀರಿಗಿಳಿಸಿದ್ದೆವು. ಪಟ್ಟೆಪಟ್ಟೆ ಬಿರಡೆ ಒಂದು ಹನಿಯನ್ನೂ ಒಳಗೆ ಬಿಟ್ಟಿರಲಿಲ್ಲ. ದೊಡ್ಡಪ್ಪ ಹಿಂದೆ ಚುಕ್ಕಾಣಿಗೆ, ನಾನು ನಡುವೆ ಇಂಜಿನ್ನಿನ ಹತ್ತಿರ, ಇನ್ಸ್‌ಪೆಕ್ಟರ್ ಬಲಗಡೆಯ ಪಟ್ಟಿಗೆ. ಎಡಗಡೆ ಖಾಲಿ. ಬಲಕ್ಕೆ ಟ್ಯಾಂಕು, ಬಲಕ್ಕೇ ಇನ್ಸ್‌ಪೆಕ್ಟರು. ಲೆಕ್ಕದ ಪ್ರಕಾರ ದೋಣಿ ಬಲಕ್ಕೆ ವಾಲಬೇಕು. ದಡ ಬಿಡುವ ಮುನ್ನ ಅದು ಮೆಲ್ಲಗೆ, ಯಾರೋ ಸೀರೆ ನೆರಿಗೆ ಹಿಡಿದು ಹತ್ತಿ ಕೂತ ಹಾಗೆ, ಎಡಕ್ಕೆ ವಾಲಿತು.

ನಾನು ಇಂಜಿನ್ನನ್ನೇ ನೋಡುತ್ತ ಕೂತೆ. ಇಂಜಿನ್ ಬಹಳ ಚೆನ್ನಾಗಿ ಓಡುತ್ತಿತ್ತು. ಜೀವನದಲ್ಲಿ ನಾನು ಓಡಿಸಿದ ಮೊದಲ ಇಂಜಿನ್. ಅದರ ಸಂತೋಷವನ್ನು ಪೂರ್ತಿ ಅನುಭವಿಸಲು ಎಡಗಿವಿ ಬಿಡುತ್ತಿರಲಿಲ್ಲ. ಆ ಕಿವಿಯ ಹತ್ತಿರ ಎಲೆ ಅಡಿಕೆಯ ವಾಸನೆ ಬರುತ್ತಿತ್ತು. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು ಬರೆಯುತ್ತಲೇ, ತಲೆಯೆತ್ತದೆ, "ಎಡಗಡೆ ಭಾರ ಜಾಸ್ತಿಯಾಗ್ತಿದೆ. ಆ ಕಡೆ ಕೂತಿರೋರು ಸ್ವಲ್ಪ ಮಧ್ಯಕ್ಕೆ ಬನ್ನಿ" ಎಂದರು.

ನಾನು ದೊಡ್ಡಪ್ಪನನ್ನು ನೋಡಿದೆ. ದೊಡ್ಡಪ್ಪ ನೀರನ್ನು ನೋಡುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ, ಮನೆಯ ಹಿರಿಯರಿಗೆ ಹೇಳುವ ದನಿಯಲ್ಲಿ, "ಒಸಿ ಸರ್ಕಳವ್ವ" ಎಂದರು.

ದೋಣಿ ಒಸಿ ನೆಟ್ಟಗಾಯಿತು.

ಕಂಬದ ಹತ್ತಿರ ದೊಡ್ಡಪ್ಪ ಹೇಳದೆಯೇ ನಾನು ಇಂಜಿನ್ನಿನ ವೇಗ ತಗ್ಗಿಸಿದೆ. ದೋಣಿ ಪೂರ್ತಿ ನೆಟ್ಟಗೆ ನಿಂತಿತು. ನೀರಿನ ಮೇಲೆ ಒಂದು ವೀಳ್ಯದೆಲೆ ತೇಲುತ್ತಿತ್ತು. ಎಲ್ಲಿಂದ ಬಂತೋ ನಾನು ನೋಡಲಿಲ್ಲ, ನೋಡುವ ಆಸೆಯೂ ಇರಲಿಲ್ಲ. ಒಂದು ನಿಮಿಷ. ದೋಣಿ ಮತ್ತೆ ಎಡಕ್ಕೆ ವಾಲಿತು. ದೊಡ್ಡಪ್ಪ ಚುಕ್ಕಾಣಿ ತಿರುಗಿಸಿದರು. ಒಂಬತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಹೆದರಿ ದೋಣಿಯನ್ನೇ ಬಿಟ್ಟವರು ಅಂದು ಹೆದರಲಿಲ್ಲ. ಹೆದರುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ.

ದಡಕ್ಕೆ ಬಂದಾಗ ಮೊದಲು ನಾನು ಇಳಿದೆ. ಇಳಿದು, ನಿಮ್ಮಲ್ಲಿ ಮಾತ್ರ ಹೇಳುತ್ತೇನೆ, ದೋಣಿಯ ಎಡಗಡೆಗೆ ತಿರುಗಿ ಕೈ ಚಾಚಿ ನಿಂತೆ. ವಯಸ್ಸಾದವರು ಇಳಿಯುವಾಗ ಕೈಕೊಡಬೇಕೆಂದು ನಮ್ಮವ್ವ ಕಲಿಸಿದ್ದು ಪದವಿಗಿಂತ ಮುಂಚೆ ನೆನಪಿಗೆ ಬಂದಿತ್ತು. ಅಂಗೈ ತಣ್ಣಗಾಯಿತು. ಹಿನ್ನೀರಿನ ಗಾಳಿ ಇರಬೇಕು. ಅಂದು ಗಾಳಿ ಇರಲಿಲ್ಲ, ಆದರೂ.

ಇನ್ಸ್‌ಪೆಕ್ಟರು ಶೆಡ್ಡಿನ ಬೆಂಚಿನ ಮೇಲೆ ಕಾರ್ಬನ್ ಹಾಕಿ ಬರೆದು, ಸಹಿ ಮಾಡಿ, ಸೀಲು ಒತ್ತಿ, "ಇಂಜಿನ್ ಚೆನ್ನಾಗಿದೆ. ಕಂಗ್ರಾಜುಲೇಷನ್ಸ್" ಎಂದು ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟು ಜೀಪು ಹತ್ತಿದರು. ಟಪಾಲು ವಿಭಾಗದಿಂದ ನನಗೆ ಬಿಡುಗಡೆಯ ಕಾಗದ ಅದು. ಎದೆಯುಬ್ಬಿಸಿ, ಕಾಲೇಜಿನ ದಿನದಿಂದ ಕಾದಿದ್ದ ಗತ್ತಿನಲ್ಲಿ, ದೊಡ್ಡಪ್ಪನ ಮುಂದೆ ಒಂದೊಂದೇ ಕಾಲಂ ಗಟ್ಟಿಯಾಗಿ ಓದಿದೆ. ದೋಣಿಯ ಸ್ಥಿತಿ: ಉತ್ತಮ. ಇಂಜಿನ್: ಉತ್ತಮ. ಪರೀಕ್ಷೆಯ ಸಮಯದಲ್ಲಿ ದೋಣಿಯಲ್ಲಿದ್ದವರು: ನಾಲ್ಕು.

ಇನ್ನೊಮ್ಮೆ ಓದಿದೆ. ನಾಲ್ಕು. ಅಕ್ಷರದಲ್ಲೂ, ಅಂಕಿಯಲ್ಲೂ.

ತಪ್ಪಿರುವ ಕಾಗದ ಮೇಲೆ ಹೋದರೆ ವಾಪಸ್ ಬರುತ್ತದೆ ಎಂದು ಎರಡು ವರ್ಷ ಟಪಾಲಿಗೆ ಗೋಂದು ಹಚ್ಚಿದವನಿಗೆ ಗೊತ್ತಿಲ್ಲವೇ? ತಿದ್ದಿಸಿಕೊಂಡು ಬರುತ್ತೇನೆ ಎಂದು ಜೀಪಿನ ಹಿಂದೆ ಓಡಲು ಕಾಲೆತ್ತಿದೆ. ದೊಡ್ಡಪ್ಪ ನನ್ನ ತೋಳು ಹಿಡಿದರು. ಹುಟ್ಟಿದಾಗಿನಿಂದ ಅಂದಿನವರೆಗೆ ಅವರು ನನ್ನ ಕಾಗದವೊಂದನ್ನು ಕೈಗೆ ತೆಗೆದುಕೊಂಡವರಲ್ಲ. ಅಂದು ತೆಗೆದುಕೊಂಡು, ಅಂಕಿ ಎಲ್ಲಿದೆ ಎಂದು ನನ್ನಿಂದ ತೋರಿಸಿಕೊಂಡು, ತಮಗೆ ಓದಲು ಬಾರದ ಅದರ ಮೇಲೆ ಹೆಬ್ಬೆರಳಿಟ್ಟರು.

"ಬುಡು ಮಗಾ, ತಿದ್ದುಸ್ಬ್ಯಾಡ. ಅವಳ್ನ ಯಾರಾದ್ರೂ ಎಣ್ಸಿದ್ದು ಇದೇ ಮೊದ್ಲು."